ಮಾವನ ಎತ್ತಿಗೊಂದು ಪ್ರೈಮರ್

ನನ್ನ ಮಾವನವರು ನನ್ನನ್ನು ಬೈಯುವುದಿಲ್ಲ. ಇದೇ ನನ್ನ ದೂರು. ಬೈದಿದ್ದರೆ ಅಳಿಯನೆಂಬ ಒಂದು ಪ್ರಾಣಿ ಇದೆಯೆಂದಾದರೂ ಅವರು ಗಮನಿಸಿದಂತಾಗುತ್ತಿತ್ತು. ಮದುವೆಯಾದಂದಿನಿಂದ ಅವರು ನನ್ನೊಡನೆ ಆಡಿಕೊಂಡು ಬಂದಿರುವ ಮಾತು ಎರಡೇ. ಹೋದಾಗ "ಬಂದ್ರಾ?" ಊಟಕ್ಕೆ ಕೂತಾಗ "ಇನ್ನೊಂದ್ ಮುದ್ದೆ ಇಕ್ಕುಸ್ಕಳಿ." ಹೊಗಳಿಕೆಯ ಮಾತಂತೂ ಆ ಬಾಯಿಂದ ನನ್ನ ಪಾಲಿಗೆ ಒಂದೂ ಉದುರಿಲ್ಲ.

ತಪ್ಪು ಅವರದಲ್ಲ. ಸಂತೆಬಾಚಹಳ್ಳಿ ಪಕ್ಕದ ಹಳ್ಳಿಯ ಚಿಕ್ಕಸ್ವಾಮಿ ಎಂದರೆ ಹಳ್ಳಿಕಾರ್ ಎತ್ತಿಗೆ ಹೆಸರಾದವರು. ಹೊಲದ ಆ ತುದಿಯಲ್ಲಿ ನಡೆಯುವ ಎತ್ತಿನ ನಡಿಗೆ ನೋಡಿ ಈ ತುದಿಯಿಂದಲೇ ಅದರ ಗುಣ ಹೇಳುವವರು. ನಾನೋ ಶ್ರೀರಂಗಪಟ್ಟಣದಲ್ಲಿ ಪೆನ್ನು, ಪುಸ್ತಕ, ಬಣ್ಣದ ಕಾಗದ ಮಾರುವ ಅಂಗಡಿಯವನು. ಮದುವೆಯಾದ ಹೊಸತರಲ್ಲಿ ಅವರ ಎತ್ತು ಬುಸ್ ಎಂದದ್ದಕ್ಕೆ ನಾನು ಗಾಡಿಯ ಮೂಕಿ ಹತ್ತಿ ನಿಂತ ದೃಶ್ಯವನ್ನು ಆ ಊರು ಇನ್ನೂ ಆಡಿಕೊಂಡು ನಗುತ್ತದೆ. (ಎತ್ತು ಬುಸ್ ಎಂದದ್ದು ನೊಣಕ್ಕಂತೆ. ಅದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ.)

ಈಚೆಗೆ ಮಾವನವರಿಗೆ ಮಂಡಿ ನೋವು ಜಾಸ್ತಿಯಾಗಿ, ಬಿಳಿಯ ಮತ್ತು ಸೋಮ ಎಂಬ ತಮ್ಮ ಜೋಡಿಯನ್ನು ಒಳ್ಳೆಯ ಮನೆ ನೋಡಿ ಕೊಟ್ಟುಬಿಟ್ಟರು. ಒಂದು ಸಂಜೆ ನನ್ನ ಹೆಂಡತಿ ರಂಜಿತ ತವರಿನ ಫೋನು ಇಟ್ಟು ಮೂಗೊರೆಸಿಕೊಂಡಳು.

"ಅಪ್ಪ ಬೆಳುಗ್ಗೆ ಎದ್ದು ಈಗ್ಲೂ ಕೊಟ್ಗೆಗೆ ಓಯ್ತಾರಂತೆ ಕಣ್ರೀ. ಬರೀ ಗೂಟ ನೋಡ್ಕಂಡು ಬತ್ತಾರಂತೆ."

ಮಾವನವರ ಬಗ್ಗೆ ನನಗೆ ಪಾಪ ಎನ್ನಿಸಿತು. ಅದರ ಬೆನ್ನಿಗೇ ಒಂದು ದಿವ್ಯವಾದ ಉಪಾಯವೂ ಹೊಳೆಯಿತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬೆರಳುದ್ದದ ಲೋಹದ ಗೊಂಬೆಗಳಿಗೆ ಬಣ್ಣ ಬಳಿಯುವುದು ನನ್ನ ಹವ್ಯಾಸ. ಮಾವನ ಎತ್ತಿನ ಜೋಡಿಯನ್ನೇ ಅಂಗೈ ಮೇಲೆ ನಿಲ್ಲುವಂತೆ ಮಾಡಿ ಕೊಟ್ಟರೆ? ಅವರಿಗೆ ಎತ್ತು ಸಿಕ್ಕಿತು, ನನಗೆ ಒಂದು ಹೊಗಳಿಕೆ ಸಿಕ್ಕಿತು!

ಪಾಂಡವಪುರದ ಅಕ್ಕಸಾಲಿ ಗೆಳೆಯ ಹೇಮಂತ್ ಫೋಟೋಗಳನ್ನು ನೋಡಿಕೊಂಡು ತವರದಲ್ಲಿ ಎರಕ ಹೊಯ್ದು ಕೊಟ್ಟ. ಒಂದು ಜೋಡಿ ಮಾವನಿಗೆ, ಒಂದು ಜೋಡಿ ನನ್ನ ಪ್ರಯೋಗಕ್ಕೆ. ಪ್ರಯೋಗದ ಎತ್ತಿಗೆ ನೇರವಾಗಿ ಬಣ್ಣ ಬಳಿದೆ. ಒಣಗಿದ ಮೇಲೆ ಬೆರಳು ತಾಗಿತು ನೋಡಿ, ಬಣ್ಣ ಹಾಲಿನ ಕೆನೆಯಂತೆ ಎದ್ದು ಬಂತು. ಲೋಹಕ್ಕೂ ಬಣ್ಣಕ್ಕೂ ಹುಟ್ಟಾ ಆಗುವುದಿಲ್ಲ. ನಡುವೆ ನಿಂತು ಎರಡೂ ಕಡೆಯವರನ್ನು ಒಪ್ಪಿಸುವ ಮದುವೆ ದಲ್ಲಾಳಿಯೊಬ್ಬ ಬೇಕು. ಅವನೇ ಪ್ರೈಮರ್.

ಮೊದಲು ತಂದದ್ದು ಸ್ಪ್ರೇ ಡಬ್ಬಿ. ಮಹಡಿಯ ಮೇಲೆ ನಿಂತು ಗುಂಡಿ ಒತ್ತಿದೆ. ಆಗಲೇ ಕಾವೇರಿ ಕಡೆಯಿಂದ ಗಾಳಿ ಬೀಸಬೇಕೆ? ಎತ್ತಿಗೆ ಬಿದ್ದದ್ದು ನಾಲ್ಕು ಹನಿ. ಮಿಕ್ಕದ್ದೆಲ್ಲ ಪಕ್ಕದ ಮಹಡಿಯಲ್ಲಿ ಪುಟ್ಟತಾಯಮ್ಮನವರು ಒಣಹಾಕಿದ್ದ ಅಕ್ಕಿ ಸಂಡಿಗೆಯ ಮೇಲೆ.

"ರಂಜಿತಾ, ನಿನ್ ಗಂಡ ನನ್ ಸಂಡ್ಗೆಗೆ ಬೂದಿ ಎರಚ್ತಾವ್ನೆ, ಬಾರವ್ವ ಇಲ್ಲಿ!" ಎಂದು ಆಕೆ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಅಂದೇ ರಾಜಾಜ್ಞೆ ಹೊರಟಿತು. "ಆ ಉಸ್ ಅನ್ನೋ ಡಬ್ಬಿ ಇನ್ಮೇಲೆ ಈ ವಸ್ಲು ದಾಟಂಗಿಲ್ಲ. ಬ್ರಷ್ಷಲ್ಲಿ ಬಳಿಯೋದಿದ್ರೆ ಬಳೀರಿ, ಇಲ್ದಿದ್ರೆ ಎತ್ತು ಅಂಗೇ ಬತ್ತಲೆ ನಿಂತ್ಕಳ್ಲಿ."

ಹೀಗೆ ಬ್ರಷ್ಷಿನಲ್ಲಿ ಬಳಿಯುವ ಪ್ರೈಮರಿನ ಶೋಧ ಆರಂಭವಾಯಿತು. ಹಾರ್ಡ್‌ವೇರ್ ಅಂಗಡಿಯವನನ್ನು ಕೇಳಿದೆ. "ಕಬ್ಬಿಣದ ಗೇಟಿಗೆಲ್ಲ ಇದೇ ಸಾರ್" ಎಂದು ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್ ಕೊಟ್ಟ. ಬಳಿದೆ. ಭದ್ರವಾಗಿ ಕೂತಿತು, ಸುಳ್ಳು ಹೇಳಬಾರದು. ರಂಜಿತ ಅಡುಗೆಮನೆಯಿಂದ ಬಂದು ಎತ್ತಿಕೊಂಡು ನೋಡಿದಳು.

"ಇದೇನ್ರೀ, ಗೆಣಸಾ?"

"ಎತ್ತು ಕಣೆ!"

"ಕಣ್ಣೆಲ್ಲಿ? ಕತ್ತಿನ ಕೆಳ್ಗೆ ಗಂಗೆದೊಗಲು ಎಲ್ಲಿ? ನಮ್ಮಪ್ಪನ ಎತ್ತು ನಡುದ್ರೆ ಗಂಗೆದೊಗಲು ಸೀರೆ ನೆರ್ಗೆ ಅಂಗೆ ಆಡದು. ನೀವು ಅದ್ಕೆ ಕಂಬಳಿ ಹೊಚ್ಚಿ ಮಲಗ್ಸಿದ್ದೀರ."

ನೋಡಿದರೆ ಹೌದು. ಗೇಟಿಗೆ ಕಣ್ಣು ಮೂಗು ಇಲ್ಲದ್ದರಿಂದ ದಪ್ಪ ಬಳಿದರೂ ನಡೆಯುತ್ತದೆ. ಹೇಮಂತ್ ಕಷ್ಟಪಟ್ಟು ಕೆತ್ತಿದ ಪಕ್ಕೆಲುಬು, ಕಿವಿ, ಗೊರಸಿನ ಸೀಳು ಎಲ್ಲವೂ ಅದರಡಿ ಸಮಾಧಿಯಾಗಿದ್ದವು. ಥಿನ್ನರಿನಲ್ಲಿ ಅದ್ದಿ ಉಜ್ಜಿ ಅವನ್ನು ಹೊರತೆಗೆಯುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು.

ಎರಡನೆಯದು ನನ್ನ ಅಂಗಡಿಯದೇ ಮಾಲು, ಕ್ಯಾನ್ವಾಸಿಗೆ ಬಳಿಯುವ ಬಿಳಿ ಪ್ರೈಮರ್. ಪ್ರಯೋಗದ ಜೋಡಿಯಲ್ಲಿ ಇನ್ನೂ ಮುಟ್ಟಿರದ ಎರಡನೆಯ ಎತ್ತಿಗೆ ತೆಳ್ಳಗೆ ಬಳಿದೆ. ಅದು ಮೈಮೇಲೆ ನಿಲ್ಲದೆ ಹನಿಹನಿಯಾಗಿ ಮುದುಡಿಕೊಂಡು ಎತ್ತಿಗೆ ಸಿಡುಬು ಎದ್ದಂತೆ ಕಂಡಿತು.

"ಬಳಿಯೋಕೆ ಮುಂಚೆ ತೊಳುದ್ರಾ?" ಎಂದಳು ರಂಜಿತ.

"ಹೊಸ ಎತ್ತು, ತೊಳೆಯೋದ್ಯಾಕೆ?"

"ಅಚ್ಚಿಂದ ಬಂದಿರೋದ್ರಲ್ಲಿ ಜಿಡ್ಡಿರಲ್ವಾ? ಎಣ್ಣೆ ಬಾಣ್ಲೆಗೆ ನೀರು ಬುಟ್ರೆ ಉಂಡುಂಡೆಯಾಗಿ ಓಡಾಡಲ್ವಾ? ಅಷ್ಟೂ ಗೊತ್ತಾಗಲ್ವಾ ನಿಮ್ಗೆ?"

ಗೊತ್ತಾಗಿರಲಿಲ್ಲ. ನಮ್ಮ ಮನೆಯಲ್ಲಿ ಬಾಣಲೆ ತೊಳೆಯುವವಳು ಅವಳು. ಹಳೆಯ ಹಲ್ಲುಜ್ಜುವ ಬ್ರಷ್ಷು, ಪಾತ್ರೆ ಸೋಪು ಹಿಡಿದು ಕೂತು, ಕಿವಿಸಂದಿ, ಬಾಲದ ಬುಡ ಬಿಡದೆ ಅವಳು ಆ ಪುಟ್ಟ ಎತ್ತುಗಳ ಮೈ ತೊಳೆದಳು. ಆಮೇಲೆ ಬಟ್ಟೆಯಲ್ಲಿ ಒತ್ತಿ, ಬಿಸಿಲಿಗಿಟ್ಟು, "ಇನ್ನು ಬರೀ ಬೆರಳಲ್ಲಿ ಮುಟ್ಬ್ಯಾಡಿ, ಬೆವರು ಅಂಟ್ತದೆ" ಎಂದಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದೂ ಈ ಹೆಂಗಸನ್ನು ನಾನು ಸರಿಯಾಗಿ ನೋಡಿಯೇ ಇಲ್ಲವಲ್ಲ ಅನ್ನಿಸಿತು. ತೊಳೆದ ಮೇಲೆ ಬಿಳಿ ಪ್ರೈಮರ್ ಮೈಮೇಲೇನೋ ನಿಂತಿತು. ಆದರೆ ಒಣಗಿದ ಮೇಲೆ ಅವಳು ಉಗುರಿನಿಂದ ಕೊಂಬನ್ನು ಗೀರಿದರೆ ಸಿಪ್ಪೆಯಂತೆ ಸುಲಿದು ಬಂತು. ಬಟ್ಟೆಗಾಗಿ ಹುಟ್ಟಿದ್ದು ಲೋಹಕ್ಕೆ ಒಗ್ಗಲಿಲ್ಲ.

ಮೂರನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಲೋಹದ ಗೊಂಬೆಗಳಿಗೆಂದೇ ಮಾಡಿದ ಬೂದು ಬಣ್ಣದ ಪ್ರೈಮರ್, ಔಷಧಿ ಬಾಟಲಿಯಷ್ಟು ಪುಟ್ಟದು. ಚೆನ್ನಾಗಿ ಕುಲುಕಿ, ತೆಳುವಾಗಿ ಬಳಿದು, ಒಣಗಿದ ಮೇಲೆ ಮತ್ತೊಮ್ಮೆ ಬಳಿಯಬೇಕೆಂದು ಬರೆದಿತ್ತು. ನಾನು ಉಸಿರು ಬಿಗಿಹಿಡಿದು ಬ್ರಷ್ಷು ಅದ್ದಿ, ಪ್ರಯೋಗದ ಎತ್ತಿಗೆ ಎಳೆದೆ. ಕಿವಿಯ ಗುಣಿ ತುಂಬಿ ಹೋಯಿತು.

"ಗೋಡೆಗೆ ಸುಣ್ಣ ಒಡೀತಾ ಇದ್ದೀರಾ? ಕೊಡಿ ಇಲ್ಲಿ."

ಕಸಿದುಕೊಂಡಳು. ಬ್ರಷ್ಷನ್ನು ಬಾಟಲಿಯ ಅಂಚಿಗೆ ಒರೆಸಿ, ಹೆಚ್ಚಿನದನ್ನು ಕಾಗದಕ್ಕೆ ಮುಟ್ಟಿಸಿ, ಕತ್ತಿನಿಂದ ಹೆಗಲಿಗೆ, ಬೆನ್ನಿನಿಂದ ಹೊಟ್ಟೆಗೆ ಎಳೆಯುತ್ತ ಹೋದಳು. "ಎತ್ತಿನ ಮೈ ತಿಕ್ಕೋವಾಗ ಕೂದಲು ಯಾವ ಕಡೆ ಮಲಗ್ತದೋ ಆ ಕಡೆಗೇ ಕೈ ಓಗ್ಬೇಕು. ಎದುರು ಎಳುದ್ರೆ ಒದೀತದೆ." ತವರದ ಎತ್ತು ಒದೆಯುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವಳ ಬೆರಳಡಿಯಲ್ಲಿ ಪಕ್ಕೆಲುಬು ಒಂದೊಂದಾಗಿ ಕಾಣುತ್ತ, ಗಂಗೆದೊಗಲಿನ ಮಡಿಕೆ ಮಡಿಕೆಯಾಗಿಯೇ ಉಳಿಯುತ್ತ ಬಂದದ್ದು ನೋಡಿ ಬಾಯಿ ಮುಚ್ಚಿದೆ. ಒಣಗಿದ ಮೇಲೆ ಉಗುರಿನಿಂದ ಗೀರಿದಳು. ಜಪ್ಪಯ್ಯ ಎನ್ನಲಿಲ್ಲ. ಪ್ರೈಮರಿನ ಸ್ವಯಂವರ ಮುಗಿಯಿತು. ಮಾವನ ಜೋಡಿಗೂ ಅವಳೇ ಬಳಿದು ಕಿಟಕಿಯ ತಗ್ಗು ಕಟ್ಟೆಯ ಮೇಲೆ ನಿಲ್ಲಿಸಿದಳು.

ಇನ್ನು ನನ್ನ ಸರದಿ. ಕಣ್ಣಿನ ಪರೀಕ್ಷೆಗೆ ಮೈಸೂರಿಗೆ ಹೋಗಲು ಮಾವನವರು ಭಾನುವಾರ ನಮ್ಮ ಮನೆಗೆ ಬರುವವರಿದ್ದರು. ಶನಿವಾರ ಅಂಗಡಿಗೆ ರಜೆ ಹಾಕಿ ಬಣ್ಣದ ಬಾಟಲಿಗಳನ್ನು ಸೈನ್ಯದಂತೆ ಸಾಲಾಗಿ ನಿಲ್ಲಿಸಿದೆ. ಕೊಂಬಿಗೆ ಚಿನ್ನ, ಮೈಮೇಲೆ ಕೆಂಪು ಜೂಲು, ಜೂಲಿಗೆ ಹಸಿರು ಅಂಚು, ಕೊರಳಿಗೆ ನೀಲಿ ಮಣಿ, ಹಣೆಗೆ ಕುಂಕುಮ. ಬ್ರಷ್ಷನ್ನು ಕೆಂಪಿನಲ್ಲಿ ಅದ್ದಿ, ಸೋಮನ ಬೆನ್ನಿಗೆ ಇನ್ನೇನು ತಾಗಿಸಬೇಕು, ಬಾಗಿಲಲ್ಲಿ ದನಿ ಕೇಳಿತು.

"ಅವ್ವಾ ರಂಜಿತಾ, ಎಲ್ಲಿದ್ದೀಯವ್ವ? ಬಸ್ಸು ಖಾಲಿ ಇತ್ತು, ಇವತ್ತೇ ಬಂದ್ಬುಟ್ಟೆ."

ಚಕ್ಕನೆ ಪಕ್ಕಕ್ಕೆ ಸರಿದು ನಿಂತೆ. ಮಾವನವರು ಒಳಗೆ ಬಂದವರು "ಬಂದ್ರಾ?" ಎಂದರು. (ಮನೆ ನನ್ನದು, ಬಂದವರು ಅವರು. ಅಭ್ಯಾಸಬಲ.) ಅಷ್ಟರಲ್ಲಿ ಅವರ ಕಣ್ಣು ಕಿಟಕಿಯ ಕಡೆ ಹೋಯಿತು.

ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆ ಮಂಡಿ ಇಟ್ಟುಕೊಂಡು ಮೆಲ್ಲಗೆ ನೆಲಕ್ಕೆ ಕೂತು ಎತ್ತುಗಳ ಮುಖಕ್ಕೆ ಮುಖ ತಂದರು.

"ಅದ್ಲುಬದ್ಲು ಕಟ್ಟಿದ್ದೀರ ಕಣವ್ವ" ಎಂದು ಎರಡನ್ನೂ ಎತ್ತಿ ಜಾಗ ಬದಲಿಸಿದರು. "ಬಿಳಿಯ ಎಡಕ್ಕೆ. ಬಲಕ್ಕೆ ಕಟ್ಟುದ್ರೆ ಅವನು ಎಜ್ಜೆ ಎತ್ತಲ್ಲ." ಹೆಬ್ಬೆರಳಿನಿಂದ ಸೋಮನ ಬೆನ್ನು ಸವರಿದರು. "ಯಾರವ್ವ ಬಣ್ಣ ಬಳ್ದಿದ್ದು?"

"ನಾನೇ ಕಣಪ್ಪ. ಅದು ಬಣ್ಣ ಅಲ್ಲ, ಪ್ರೈಮರ್ರು. ಬಣ್ಣ ನಿಲ್ಲಕ್ಕೆ ಮುಂಚೆ ಬಳಿಯೋದು."

"ಏನಾರ ಆಗ್ಲಿ ಬುಡು. ಮೈ ತೊಳ್ದು ನಿಲ್ಸುದ್ರೆ ಒಣಗ್ತಾ ಒಣಗ್ತಾ ಇದೇ ಬೂದ್ಗೆ ತಿರುಗೋವು ಕಣವ್ವ. ಇದೇ ಬಣ್ಣ." ಅವರ ಹೆಬ್ಬೆರಳು ಮತ್ತೆ ಸೋಮನ ಬೆನ್ನ ಮೇಲೆ ಹೋಯಿತು. ರಂಜಿತ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ನನಗೋ, ಉಪಾಯ ನನ್ನದು, ಹೊಗಳಿಕೆಯ ಗಾಡಿ ನನ್ನ ಮನೆ ದಾಟಿ ಹೋಗುತ್ತಿದೆಯಲ್ಲ ಎಂಬ ಸಂಕಟ ತಡೆಯಲಾಗಲಿಲ್ಲ.

"ಮಾವ, ಇನ್ನೂ ಮುಗ್ದಿಲ್ಲ" ಎಂದು ಬ್ರಷ್ಷನ್ನು ಮುಂದೆ ಹಿಡಿದೆ. "ಕೊಂಬಿಗೆ ಚಿನ್ನ, ಮೈಗೆ ಕೆಂಪು ಜೂಲು, ಹಸಿರು ಅಂಚು..."

ಮಾವನವರು ತಿರುಗಿ ನನ್ನನ್ನು ನೋಡಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ಬಹಳ ಹೊತ್ತು ನೋಡಿದರು. ಗೋಡೆ ಹಿಡಿದು ಎದ್ದು ಬಂದು ನನ್ನ ಕೈಯಿಂದ ಬ್ರಷ್ಷನ್ನು ಮೆತ್ತಗೆ ಬಿಡಿಸಿ ಮೇಜಿನ ಮೇಲಿಟ್ಟು, ಮೊಟ್ಟಮೊದಲ ಬಾರಿಗೆ ನನ್ನ ಹೆಗಲ ಮೇಲೆ ಕೈ ಹಾಕಿದರು.

"ಅಳಿಯಂದ್ರೆ, ನಿಮ್ಮನ್ನ ನಾನು ಏನೋ ಅನ್ಕಂಡಿದ್ದೆ. ಮಗಳ ಕೈಲೇ ಎಲ್ಲಾ ಮಾಡ್ಸಿ, ನೀವು ಕೈ ಹಾಕ್ದೆ ಸುಮ್ನಿದ್ರಲ್ಲ, ಅಷ್ಟ್ ಬುದ್ಧಿ ಎಷ್ಟ್ ಜನಕ್ಕೆ ಬತ್ತದೆ ಏಳಿ?"

ಸೈನ್ಯದಂತೆ ನಿಂತಿದ್ದ ಬಾಟಲಿಗಳ ಹಿಂದಿನಿಂದ ರಂಜಿತ ನನ್ನನ್ನೇ ನೋಡುತ್ತಿದ್ದಳು, ನಗು ತಡೆಯಲು ತುಟಿ ಕಚ್ಚಿಕೊಂಡು. ನಾನು ಕೆಂಪು ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ.

"ಹೌದು ಮಾವ" ಎಂದೆ. "ಅದು ನಂಗೆ ಮೊದ್ಲಿಂದ್ಲೂ ಬಂದಿರೋ ಗುಣ."