ತಂತಿ ಬಿಚ್ಚಿದವನ ವಿನಂತಿ

ಉಚಿತ ನಿಸ್ತಂತು ಇಂಟರ್ನೆಟ್ ಯೋಜನೆಯ ಅಧಿಕಾರಿಗಳ ಸನ್ನಿಧಿಗೆ, ಬೀಗ ರಿಪೇರಿಯವನು ಕೈಮುಗಿದು ಮಾಡುವ ನಮಸ್ಕಾರಗಳು.

ಮಾನ್ಯರೇ,

ಈಗ ಸಂಜೆ ಆರು ಗಂಟೆ. ಇವತ್ತು ಯಾರದೋ ಕಪಾಟಿನ ಬೀಗ ತೆಗೆದುಕೊಟ್ಟೆ, ಹಾಲು ಉಕ್ಕಿಸಿ ಒಲೆಯೆಲ್ಲ ಗಲೀಜು ಮಾಡಿದೆ, ಮಧ್ಯಾಹ್ನ ತಮ್ಮ ಇಂಟರ್ನೆಟ್ ನಮ್ಮ ಮನೆಗೆ ಬಂತು. ಉಪಕಾರ ಸ್ಮರಿಸದಿದ್ದರೆ ತಪ್ಪಾದೀತೆಂದು ಈ ಪತ್ರ.

ನನ್ನ ಹೆಂಡತಿ ತೀರಿಕೊಂಡು ಮೂರು ತಿಂಗಳಾಯಿತು. ಆಸ್ಪತ್ರೆಗೆ ಸೇರಿದ ದಿನ ಅವಳು ಮನೆಯಿಂದ ನನ್ನ ಫೋನಿಗೆ ಒಂದು ಧ್ವನಿ ಸಂದೇಶ ಕಳಿಸಿದ್ದಳು. ನಮ್ಮಲ್ಲಿ ಸಿಗ್ನಲ್ ಬಂದು ಹೋಗುವುದರಿಂದ ಸಂದೇಶ ಬಂದ ಗುರುತಷ್ಟೇ ಕಂಡಿತು, ಅದು ಇಳಿಯಲೇ ಇಲ್ಲ. ಮುಟ್ಟಿದಾಗಲೆಲ್ಲ ಒಂದು ಚಕ್ರ ತಿರುಗುತ್ತಿತ್ತು. ಪೇಟೆಗೆ ಹೋಗಿ ಇಳಿಸಿಕೊಂಡು ಬನ್ನಿ ಎಂದವರಿದ್ದರು. ಅವಳ ಮಾತನ್ನು ಪೇಟೆಯಿಂದ ಹೊತ್ತು ತರುವ ಮನಸ್ಸಾಗಲಿಲ್ಲ.

ಆಗ ತಾವು ಬೀದಿ ತುದಿಯಲ್ಲಿ ಕಂಬ ನೆಟ್ಟು, ‘ತಂತಿಮುಕ್ತ ಮನೆ, ಸಂಪರ್ಕಯುಕ್ತ ದೇಶ’ ಎಂದು ಫಲಕ ಹಾಕಿಸಿದಿರಿ. ಏಳನೆಯ ತರಗತಿಯವರೆಗೆ ಓದಿದ ನನಗೆ ಅದು ಚೆನ್ನಾಗಿ ಅರ್ಥವಾಯಿತು. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿಯೊಂದಿತ್ತು. ನನ್ನ ಗಂಟು ನಿಲ್ಲುವುದಿಲ್ಲವೆಂದು ಹೆಂಡತಿಯೇ ಸ್ಟೂಲು ಹತ್ತಿ ಬಿಗಿದದ್ದು. ದೇಶದ ಸಂಪರ್ಕಕ್ಕೆ ನಾನೊಬ್ಬ ಅಡ್ಡಿಯಾಗಬಾರದೆಂದು ನಿನ್ನೆ ಅದನ್ನು ಬಿಚ್ಚಿ, ಸುರುಳಿ ಸುತ್ತಿ, ಗುಜರಿಯವನ ಗಾಡಿಗೆ ಹಾಕಿದೆ.

ಇವತ್ತು ಬಂದ ನಾದಿನಿ ಹಿತ್ತಿಲು ನೋಡಿ ಸೊಂಟದ ಮೇಲೆ ಕೈಯಿಟ್ಟಳು. “ಭಾವ, ಇಂಟರ್ನೆಟ್ಟು ತಂತಿ ಇಲ್ದೆ ಬರುತ್ತೆ ಅಂತ ಅದರರ್ಥ. ನಿಮ್ಮನೇಲಿ ತಂತಿ ಇರಬಾರದು ಅಂತಲ್ಲ. ಸದ್ಯ, ಕರೆಂಟಿನ ತಂತಿಗೆ ಕೈ ಹಾಕಲಿಲ್ಲವಲ್ಲ.” ಅದು ನಾಳೆಯ ಕೆಲಸವಾಗಿತ್ತೆಂದು ನಾನು ಹೇಳಲಿಲ್ಲ.

ಅವಳೇ ನನ್ನ ಫೋನನ್ನು ತಮ್ಮ ಕಂಬಕ್ಕೆ ಜೋಡಿಸಿದಳು. ತಮ್ಮ ಇಲಾಖೆಯ ಶುಭಾಶಯವನ್ನು ಎರಡು ಸಲ ಪೂರ್ತಿ ಕೇಳಿಸಿದ ಮೇಲೆ, ತಾವು ದೊಡ್ಡ ಮನಸ್ಸು ಮಾಡಿ ನನ್ನ ಹೆಂಡತಿಗೂ ಮಾತಾಡಲು ಅವಕಾಶ ಕೊಟ್ಟಿರಿ.

“ರೀ, ಮೋಡ ಆಗಿದೆ. ಬೇಗ ಬಂದು ತಂತಿ ಮೇಲಿನ ಬಟ್ಟೆ ಒಳಗೆ ಹಾಕಿ. ನಂಗ್ಯಾಕೋ ಏಳೋಕೆ ಆಗ್ತಿಲ್ಲ. ಮರೀತೀರ ಅಂತ ಗೊತ್ತು, ಆದ್ರೂ ಹೇಳ್ತಿದೀನಿ.”

ಅವಳು ಹೇಳಿದ ಕೂಡಲೇ ಏಳುವುದು ನನಗೆ ರೂಢಿ. ಎದ್ದು ಹಿತ್ತಿಲಿಗೆ ಹೋದೆ. ತಂತಿ ಬಿಗಿದಿದ್ದ ಎರಡು ಮೊಳೆಗಳಷ್ಟೇ ಇದ್ದವು. ನಾದಿನಿ ಒಲೆ ಒರೆಸಿದಳು.

ಆದ್ದರಿಂದ ಮಾನ್ಯರಲ್ಲಿ ಒಂದು ಕೋರಿಕೆ. ಒಬ್ಬರನ್ನೂ ಬಿಡದೆ ಎಲ್ಲರನ್ನೂ ತಲುಪುತ್ತೇವೆ ಎಂದು ಫಲಕದ ಕೆಳಗೆ ಬರೆಸಿದ್ದೀರಿ. ಕಂಬವನ್ನು ಇನ್ನೊಂದಿಷ್ಟು ಎತ್ತರಿಸಿ, ಬಟ್ಟೆ ನೆನೆಯಲಿಲ್ಲ ಎಂಬ ನನ್ನ ಉತ್ತರವನ್ನು ಅವಳಿಗೆ ಮುಟ್ಟಿಸಿಕೊಡಿ. ತಂತಿಯ ವಿಷಯ ಹೇಳುವುದು ಬೇಡ. ಅದನ್ನು ಅವಳು ಈಗಾಗಲೇ ಊಹಿಸಿರುತ್ತಾಳೆ.

ತಮ್ಮ ವಿಶ್ವಾಸಿ, ಮತ್ತು ತಮ್ಮ ಫಲಕವನ್ನು ನಂಬಿದ ಬಹುಶಃ ಏಕೈಕ ಪ್ರಜೆ,
ಬೀಗ ರಿಪೇರಿಯವನು

ತಾ.ಕ.: ಮುಂದೆ ನಮ್ಮನ್ನು ಇನ್ನಾವುದರಿಂದಲಾದರೂ ಮುಕ್ತಗೊಳಿಸುವ ಯೋಜನೆಯಿದ್ದರೆ, ಏನನ್ನು ಇಟ್ಟುಕೊಳ್ಳಬಹುದು ಎಂಬುದನ್ನೂ ದಪ್ಪಕ್ಷರದಲ್ಲಿ ಬರೆಸಿ. ನನ್ನಂಥವರು ಓದಿದ್ದನ್ನು ಮಾಡಿಬಿಡುತ್ತೇವೆ. ತಂತಿ ಮರಳಿ ಕೇಳಬೇಕಾದ ಗುಜರಿ ಅಂಗಡಿ ನಾಳೆ ಒಂಬತ್ತಕ್ಕೆ ತೆರೆಯುತ್ತದೆ.