ಅಳಾಕ ಎರಡು ಹನಿ ಔಷಧ

ಕಣ್ಣಿನ ದವಾಖಾನ್ಯಾಗ ಕೆಲಸಕ್ಕ ಸೇರಿದ ಮ್ಯಾಲ ನಾ ಒಂದು ದಿನಾನೂ ನಗಲಾರದ ಮನಿಗೆ ಹೋಗಿಲ್ಲ. ಮಂದಿ ಕಣ್ಣು ಒರಸಿಕೋಂತ ಬರ್ತಾರ, ಏನರ ಒಂದು ಮಾತಾಡ್ತಾರ, ನಾ ಮನಿಗೆ ಹೋಗಿ ರೊಟ್ಟಿ ಬಡಿಯುವಾಗ ಅದು ನೆನಪಾಗಿ ಒಬ್ಬಾಕೀನ ನಗ್ತೇನಿ. ನಮ್ಮದು ಇಳಕಲ್ಲಾಗ ಸಣ್ಣ ದವಾಖಾನಿ. ಡಾಕ್ಟರು ಒಬ್ಬರು, ನಾ ಒಬ್ಬಾಕಿ. ಹೆಸರು ಕರಿಯೋದು, ಗ್ವಾಡಿ ಮ್ಯಾಲಿನ ಅಕ್ಷರ ಓದಸೋದು, ಹನಿ ಹಾಕೋದು ನನ್ನ ಕೆಲಸ. ಈಗೀಗ ಒಣಕಣ್ಣಿನ ಮಂದೀನ ಹೆಚ್ಚು ಬರಾಕತ್ತಾರ. ನಗೂ ಅವ್ರ ಕಡಿಂದನ ಹೆಚ್ಚು.

ಮಳ್ಯಾಗ ಬರಗಾಲ

ಹುನಗುಂದ ಕಡಿಂದ ಒಬ್ಬ ಕಾಕಾ ಬಂದಿದ್ರು. ಎರಡೂ ಕಣ್ಣಿಲಿಂದ ನೀರು ದಳದಳ ಇಳೀತಿತ್ತು. ಹೆಗಲ ಮ್ಯಾಲಿನ ಟಾವೆಲ್ ಹಿಂಡಿದ್ರ ಒಂದು ಚರಗಿ ತುಂಬೋಹಂಗಿತ್ತು. ಡಾಕ್ಟರು ಬೆಳಕು ಬಿಟ್ಟು ನೋಡಿ, "ಕಾಕಾರ, ನಿಮ್ಮ ಕಣ್ಣು ಒಣಗ್ಯಾವ" ಅಂದ್ರು.

ಕಾಕಾ ಟಾವೆಲ್ ತಗದು ಡಾಕ್ಟರ ಮೂಗಿನ ಮುಂದ ಹಿಡದ್ರು. "ಇದನ್ನ ಮುಟ್ಟಿ ನೋಡಿ ಇನ್ನೊಮ್ಮೆ ಹೇಳ್ರಿ."

ಡಾಕ್ಟರು ಸಮಾಧಾನದಿಂದ ಹೇಳಿದ್ರು. ಕಣ್ಣಿನ ಮ್ಯಾಲ ತೆಳ್ಳಗ ನೀರು ಇರಬೇಕು, ಅದು ಆರಬಾರದಂತ ಅದರ ಮ್ಯಾಲ ಒಂದು ಎಣ್ಣಿ ಪದರ ಇರಬೇಕು. ಆ ಎಣ್ಣಿ ರೆಪ್ಪಿ ಅಂಚಿಲಿಂದ ಬರ್ತೈತಿ. ಅಲ್ಲಿ ಕಟ್ಟಿತಂದ್ರ ನೀರು ಲಗೂನ ಆರ್ತೈತಿ, ಕಣ್ಣು ಉರೀತೈತಿ. ಉರಿ ತಾಳಲಾರದ ಕಣ್ಣು ಗಾಬರಿಯಾಗಿ ಒಮ್ಮೆಲೆ ನೀರು ಸುರಿಸ್ತೈತಿ, ಆದ್ರ ಆ ನೀರು ಕಣ್ಣಾಗ ನಿಲ್ಲೂದಿಲ್ಲ, ಗಲ್ಲದ ಮ್ಯಾಲ ಹರದು ಹೋಗ್ತೈತಿ. ಫ್ಯಾನ್ ಮುಖಕ್ಕ ನೇರ ಹಚ್ಚಿಕೋಬ್ಯಾಡ್ರಿ, ಮೊಬೈಲ್ ಕಡಿಮಿ ನೋಡ್ರಿ, ಈ ಹನಿ ದಿನಕ್ಕ ನಾಕು ಸಲ ಹಾಕ್ರಿ ಅಂತ ಚೀಟಿ ಬರದು ಕೊಟ್ರು.

ಕಾಕಾ ಎಲ್ಲಾದಕ್ಕೂ ಹೂಂ ಅಂದ್ರು. ಹೊರಗ ಬಂದವ್ರ ಪಾಳಿ ಹಚ್ಚಿ ಕುಂತ ಮಂದಿಗೆ, "ಬ್ಯಾರೆ ಕಡೆ ಹೋಗೋರಿದ್ರ ಈಗ ಹೋಗ್ರಪಾ. ಇಲ್ಲೆ ನನ್ನ ಮಾರಿ ಮ್ಯಾಲ ಮಳಿ ಸುರ್ಯಾಕತ್ತೈತಿ, ಒಳಗಿನವ್ರು ಬರಗಾಲ ಅಂತ ಬರದು ಕೊಟ್ಟಾರ" ಅಂದ್ರು. ಇಬ್ಬರು ಎದ್ದು ಹೋದ್ರು. ತಿಂಗಳಿಗೆ ಕಾಕಾ ತಿರುಗಿ ಬಂದ್ರು, ಹೆಗಲ ಮ್ಯಾಲಿನ ಟಾವೆಲ್ ಖಡಕ್ ಒಣಗಿತ್ತು. ಡಾಕ್ಟರ ಕಿವ್ಯಾಗ ಅಂದ್ರು: "ಬರಗಾಲ ಖರೇನ ಇತ್ತು ನೋಡ್ರಿ. ಆದ್ರ ಅವ್ರಿಬ್ಬರನ್ನ ಎಲ್ಲೆ ಹುಡುಕ್ಲಿ?"

ಐದು ನಿಮಿಷದ ಪರೀಕ್ಷಾ

ಮುಂದಿನ ಎಲ್ಲಾ ಕತಿ ಒಬ್ಬ ಅಕ್ಕಂದು. ನಮ್ಮ ಊರಾಗ ಮಗ್ಗದ ಕೆಲಸದಾಕಿ, ಮೂವತ್ತು ವರ್ಷದಿಂದ ಸೀರಿ ನೇಯ್ತಾಳ. ಇಳಕಲ್ ಸೀರಿಗೆ ಸೆರಗಿನ ಎಳಿ ಬ್ಯಾರೆ, ಮೈಯಿನ ಎಳಿ ಬ್ಯಾರೆ. ಎರಡನ್ನೂ ಒಂದೊಂದ ಎಳಿ ಹಿಡದು ಕೊಂಡಿ ಹಾಕಿ ಕೂಡಸಬೇಕು. ಆ ಕೆಲಸಕ್ಕ ಕುಂತಾಗ ಉಸಿರು ಬಿಡಾಕ ಮರೀತಾರ, ಇನ್ನ ರೆಪ್ಪಿ ಬಡಿಯೋದು ಎಲ್ಲಿ ನೆನಪಿರ್ತೈತಿ? ಅಕ್ಕನ ಕಣ್ಣಾಗ ಉಸುಕು ಬಿದ್ದಂಗ ಚುಚ್ಚತಿತ್ತು. ತಂಗೀನ ಕರಕೊಂಡು ಬಂದಿದ್ಲು.

ಕಣ್ಣೀರು ಎಷ್ಟು ಬರ್ತೈತಿ ಅಂತ ನೋಡಾಕ ಒಂದು ಕಾಗದದ ಪಟ್ಟಿ ಇರ್ತೈತಿ. ಕೆಳಗಿನ ರೆಪ್ಪಿಗೆ ಸಿಗಿಸಿ ಐದು ನಿಮಿಷ ಸುಮ್ಮನ ಕುಂದರಸ್ತೇವಿ. ಎಷ್ಟು ಗೆರಿ ತನಕ ತೊಯ್ತೈತೋ ಅಷ್ಟು ನೀರು. "ಹತ್ತು ಗೆರಿ ದಾಟಿದ್ರ ಚಲೋ" ಅಂತ ನಾ ಬಾಯಿ ತಪ್ಪಿ ಹೇಳಿಬಿಟ್ಟೆ. ತಂಗಿ ಕುರ್ಚಿ ಎಳಕೊಂಡು ಅಕ್ಕನ ಮುಂದ ಕುಂತ್ಲು. ಅಕ್ಕ ನಪಾಸ್ ಆಗಬಾರದಂತ ಅಕಿ ಹಠ.

"ಅಕ್ಕಾ, ಅವ್ವ ಹ್ವಾದದ್ದು ನೆನಸ್ಕೋ."

"ನೆನಸಾಕತ್ತೇನಿ ತಡಿ."

"ನಮ್ಮ ಕರಿ ಎಮ್ಮಿ ಮಾರಿದ್ದು ನೆನಸ್ಕೋ. ಕೊಟಗಿ ಬಿಟ್ಟು ಹೋಗವಲ್ದಾಗಿತ್ತು, ತಿರುತಿರುಗಿ ನಮ್ಮನ್ನ ನೋಡ್ತಿತ್ತು."

ಇಷ್ಟು ಅಂದವಳ ತಂಗಿ ತಾನ ಗೊಳೋ ಅಂತ ಅಳಾಕ ಹತ್ತಿದ್ಲು. ಅಕ್ಕನ ಕಾಗದ ಮೂರು ಗೆರಿಗೆ ನಿಂತಿತ್ತು. ತಂಗಿ ಕಣ್ಣಾಗ ಇಟ್ಟಿದ್ರ ಕಾಗದನ ಸಾಲ್ತಿರಲಿಲ್ಲ.

ತಂಗೀನ ಹೊರಗ ನೀರು ಕುಡಿಯಾಕ ಕಳಿಸಿ ಅಕ್ಕ ನನ್ನ ಕೈ ಹಿಡಕೊಂಡ್ಲು. "ಸಿಸ್ಟರ, ಮುಂದಿನ ತಿಂಗಳು ಮಗಳ ಮದಿವಿ. ನಮ್ಮ ಮನ್ಯಾವ್ರು ಹ್ವಾದಾಗ ನನ್ನ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. ಒಳಗ ಎದಿ ಒಡದಿತ್ತು, ಮ್ಯಾಲ ಏನೂ ಕಾಣಲಿಲ್ಲ. ಕಲ್ಲೆದಿ ಅಂತ ಮಂದಿ ಆಡಿಕೊಂಡ್ರು, ಮಗಳೂ ಕೇಳ್ಯಾಳ. ಈಗ ಅಕೀನ್ನ ಕಳಿಸಿಕೊಡುವಾಗೂ ಹಂಗ ನಿಂತ್ರ, ನಮ್ಮವ್ವಗ ನನ್ನ ಮ್ಯಾಲ ಮಾಯಾ ಇಲ್ಲ ಅನಕೊಂಡ ಹೋಗ್ತಾಳ ಅಕಿ."

ಡಾಕ್ಟರು ತಿಳಿಸಿ ಹೇಳಿದ್ರು: ಕಣ್ಣು ಹಸಿ ಇಡೋ ನೀರು ಬ್ಯಾರೆ, ದುಃಖಕ್ಕ ಬರೋ ನೀರು ಬ್ಯಾರೆ, ಅದಕ್ಕ ಅದರದ ವ್ಯಾಳ್ಯಾ ಇರ್ತೈತಿ, ಬರ್ತೈತಿ. ಅಕ್ಕ ನಂಬಲಿಲ್ಲ, ಕಾಗದ ಮೂರ ಗೆರಿ ಅಂತ ಹೇಳಿತ್ತಲ್ಲ. "ಅಕ್ಕಾರ, ನಾ ಮದಿವಿಗೆ ಬರ್ತೇನಿ. ಹನಿ ಬಾಟ್ಲಿ ತಗೊಂಡು ನಿಮ್ಮ ಬಾಜೂಕನ ನಿಂದರ್ತೇನಿ. ನೀರು ಬರಲಿಲ್ಲಂದ್ರ ಮೆಲ್ಲಕ ಎರಡು ಹನಿ ಹಾಕ್ತೇನಿ, ಯಾರಿಗೂ ಗೊತ್ತಾಗೂದಿಲ್ಲ" ಅಂದೆ.

ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿ ಅಂದ್ಲು: "ಹಂಗಾದ್ರ ಎರಡು ಬಾಟ್ಲಿ ತರ್ರಿ. ನಾ ಅಷ್ಟಕ್ಕ ಮುಗಿಸಾಕಿ ಅಲ್ಲ."

ಶಾಖ

ರೆಪ್ಪಿ ಅಂಚಿನ ಎಣ್ಣಿ ಕರಗಲಿ ಅಂತ ಡಾಕ್ಟರು ಅಕ್ಕಗ ಉಗುರುಬೆಚ್ಚನ ಅರಿವಿ ಇಟ್ಟುಕೊಳ್ರಿ ಅಂದಿದ್ರು. ಎಂಟು ದಿನಕ್ಕ ಬಂದ್ಲು, ರೆಪ್ಪಿ ಕೆಂಪಗಾಗಿದ್ವು, ಹುಬ್ಬಿನ್ಯಾಗ ಬಿಳಿ ಹಿಟ್ಟು. "ಏನ್ ಇಟ್ಟೀರಿ?" ಅಂದ್ರು ಡಾಕ್ಟರು.

"ಅರಿವಿ ಲಗೂನ ಆರತೈತ್ರಿ. ಅದಕ್ಕ ಹಂಚಿನ ಮ್ಯಾಲಿಂದ ಇಳಿಸಿದ ಜ್ವಾಳದ ರೊಟ್ಟಿ ಮಡಚಿ ಇಟ್ಕೊಂಡೆ. ಭಾಳೊತ್ತು ಬಿಸಿ ಇರ್ತೈತಿ."

ಡಾಕ್ಟರು ಗಾಬರಿಯಾದ್ರು. ಕಣ್ಣು ಅಂದ್ರ ಬದನಿಕಾಯಿ ಅಲ್ಲ ಸುಡಾಕ, ಮೊದಲ ಮಣಿಕಟ್ಟಿಗೆ ಹಚ್ಚಿ ನೋಡ್ರಿ, ಹಿತ ಅನಿಸಿದ್ರ ಇಟ್ಟುಕೊಳ್ರಿ, ಬರೇ ಸ್ವಚ್ಛ ಅರಿವಿ ಅಂತ ಬೈದ್ರು. ಅಕ್ಕ ತಲಿ ತಗ್ಗಿಸಿ ಕೇಳಿಕೊಂಡ್ಲು. ಹೋಗುವಾಗ ಬಾಗಲದಾಗ ನಿಂತು ನನಗ ಅಂದ್ಲು: "ಬೈಗುಳ ಇರ್ಲಿ. ಶಾಖ ಮುಗದ ಮ್ಯಾಲ ಆ ರೊಟ್ಟಿ ಕೆಡಸಬಾರದಂತ ದಿನಾ ತಂಗಿ ಗಂಡಗ ಉಣ್ಣಾಕ ಹಾಕ್ತಿದ್ದೆ. ಅವಂಗೇನರ ಆಗ್ತೈತನು ಅಂತ ಡಾಕ್ಟರನ್ನ ಕೇಳಿ ಇಡ್ರಿ."

ಗಂಡಸರನ್ನ ಹೊರಗ ಕಳಿಸಿದ್ದು

ರೆಪ್ಪಿ ಪೂರ್ತಿ ಮುಚ್ಚಿ ತಗೀರಿ, ಮಗ್ಗದ ಮ್ಯಾಲ ಕುಂತಾಗ ನೆನಪಿಟ್ಟು ಮಾಡ್ರಿ ಅಂತ ಹೇಳಿ ಕಳಿಸಿದ್ವಿ. ಅಕ್ಕ ಲೆಕ್ಕ ಹಚ್ಚಿದ್ಲು, ಲಾಳಿ ಒಮ್ಮೆ ಆ ಕಡೆ ಹ್ವಾದ್ರ ಒಮ್ಮೆ ಕಣ್ಣು ಮುಚ್ಚೋದು, ಈ ಕಡೆ ಬಂದ್ರ ತಗಿಯೋದು. ಚಲೋ ಆತು, ಉರಿ ಅರ್ಧಕ್ಕ ಇಳೀತು. ಆದ್ರ ಮಗ್ಗದಿಂದ ಎದ್ದ ಮ್ಯಾಲೂ ಕಣ್ಣು ಅದ ತಾಳಕ್ಕ ಮುಚ್ಚಿ ತಗಿಯಾಕ ಹತ್ತಿದ್ವು.

ಅದ ವಾರ ಕೆರೂರಿನ ಬೀಗರು ಮದಿವಿ ಮಾತಿಗೆ ಬಂದ್ರು. ಹುಡುಗನ ಅವ್ವ ಎದುರಿಗೇನ ಕುಂತಿದ್ರು. ಊಟಕ್ಕ ಸಿಹಿ ಹೋಳಿಗಿನೋ ಮಾದಲಿನೋ ಅಂತ ಗಂಡಸರು ಮಾತಾಡ್ತಿದ್ರ, ಅಕ್ಕ ಬೀಗತಿ ಮುಖ ನೋಡಕೋಂತ ಒಂದೇ ಸವನ ಕಣ್ಣು ಒತ್ತಿ ಮುಚ್ಚಿ ತಗೀತಾಳ. ಬೀಗತಿ ಸ್ವಲ್ಪ ಹೊತ್ತು ನೋಡಿದ್ರು. ಆಮ್ಯಾಲ ಗಂಡಗ, ಮೈದುನಗ, "ನೀವು ಒಂದೀಟು ಹೊರಗ ಹೋಗಿ ಕುಂದರ್ರಿ" ಅಂತ ಎಬ್ಬಿಸಿ ಕಳಿಸಿದ್ರು. ಕದಾ ಮುಂದ ಮಾಡಿ ಅಕ್ಕನ ಹತ್ರ ಸರಿದು, "ಈಗ ಹೇಳ್ರಿ ಅಕ್ಕಾರ, ಯಾರೂ ಇಲ್ಲ. ಅವಾಗಿಂದ ಕಣ್ಣಸನ್ನಿ ಮಾಡಾಕತ್ತೀರಿ. ಹುಡುಗಿಗೆ ಮನಸಿಲ್ಲೇನು?" ಅಂತ ಪಿಸುಗುಟ್ಟಿದ್ರು.

ಅಕ್ಕ ಹೆದರಿ ಒಣಕಣ್ಣಿನ ಕತಿ ಎಲ್ಲಾ ಹೇಳಿದ್ಲು, ಕಳಿಸಿಕೊಡುವಾಗಿನ ಭಯ ಒಂದು ಬಿಟ್ಟು. ಬೀಗತಿ ನಿಟ್ಟುಸಿರು ಬಿಟ್ಟು, "ಇಷ್ಟೇನಾ? ಮೊದಲ ನಾ ನಿಮಗ ಹೋಳಿಗಿ ಬ್ಯಾಡ, ಮಾದಲಿ ಬೇಕಾಗೈತಿ ಅಂತ ತಿಳದು ಅರ್ಧ ಒಪ್ಪಿಬಿಟ್ಟಿದ್ದೆ" ಅಂದ್ರು.

ಕೆರೂರ ಗಾಡಿ ಹೊಂಟಾಗ

ಮದಿವಿ ಇಳಕಲ್ಲಾಗನ ಆತು. ಒಮ್ಮೆ ಮಗ್ಗಕ್ಕ ಹಾಸು, ಅಂದ್ರ ಉದ್ದನ ಎಳಿ, ಏರಿಸಿದ್ರ ಒಂದ ಬಣ್ಣದ ಸೀರಿ ಮೂರು ನಾಕು ಇಳೀತಾವ. ಅಕ್ಕ ಒಂದ ಹಾಸಿನಾಗ ಮಗಳಿಗೊಂದು, ತನಗೊಂದು, ಬೀಗತಿಗೊಂದು ದಾಳಿಂಬರ ಬಣ್ಣದ ಸೀರಿ ನೇಯ್ದಿದ್ಲು. ಮೂವರೂ ಅವನ್ನ ಉಟ್ಟಿದ್ರು. ಕಳಿಸಿಕೊಡೋ ಹೊತ್ತಿಗೆ ಗಾಡಿ ಬಾಗಲಿಗೆ ಬಂದು ನಿಂತಿತ್ತು. ಮಗಳು ಅವ್ವನ ಕಾಲು ಮುಟ್ಟಿ ಎದ್ದು ಅವ್ವನ ಮುಖ ನೋಡಿದ್ಲು. ಅಕ್ಕನ ಕಣ್ಣು ಒಣಗಿದ್ವು. ತುಟಿ ನಡಗಾಕತ್ತಿದ್ವು, ಆದ್ರ ಒಂದು ಹನಿ ಇಲ್ಲ. ಸುತ್ತಲಿನ ಹೆಣ್ಮಕ್ಕಳು ಅಕ್ಕನ ಮುಖಾನ ನೋಡ್ತಿದ್ರು. ಅಕ್ಕ ಮಂದ್ಯಾಗ ನನ್ನ ಹುಡುಕಿದ್ಲು.

ನಾ ಬಾಟ್ಲಿ ತಗದೆ. ಅಷ್ಟರಾಗ ಆ ಹುಡುಗಿ ಮಾರಿ ನೋಡಿ ನನಗ ದುಃಖ ತಡಿಲಿಲ್ಲ, ಕಣ್ಣು ತುಂಬಿ ಎಲ್ಲಾ ಮಸುಕಾತು. ಮಂದಿ ಒಳಗ ನುಗ್ಗಿದೆ. ದಾಳಿಂಬರ ಸೀರಿ ಕಂಡ್ತು, ತಲಿ ಮ್ಯಾಲ ಸೆರಗು ಕಂಡ್ತು. ಗದ್ದ ಹಿಡದು ಮುಖ ಎತ್ತಿದೆ, "ಮ್ಯಾಲ ನೋಡ್ರಿ, ಕಣ್ಣು ಅಗಲ ತಗೀರಿ" ಅಂದೆ. ಇಡೀ ದಿನ ಮಾಡೋ ಕೆಲಸ, ಕೈ ತಾನ ಮಾಡಿಬಿಟ್ತು. ಎರಡೂ ಕಣ್ಣಿಗೆ ಧಾರಾಳಾಗಿ ಹಾಕಿದೆ.

ಸೆರಗಿಲಿಂದ ನನ್ನ ಕಣ್ಣು ಒರಸಿಕೊಂಡು ನೋಡ್ತೇನಿ, ಬೀಗತಿ. ಎರಡೂ ಗಲ್ಲದ ಮ್ಯಾಲ ನೀರು ಇಳ್ಯಾಕತ್ತೈತಿ, ಪಾಪ, ಅಲುಗಾಡದ ನಿಂತಾರ. ನನಗ ಭೂಮಿ ಬಾಯಿ ಬಿಡಬಾರದ ಅನಿಸ್ತು. ಹಿಂದ ನಿಂತ ಹೆಣ್ಮಕ್ಕಳು, "ಅತ್ತೀನ ಅಳಾಕತ್ತಾಳ ನೋಡ್ರೆವ್ವಾ, ನಮ್ಮ ಹುಡುಗಿ ಪುಣ್ಯಾ ಮಾಡ್ಯಾಳ" ಅಂದ್ರು. ಅಕ್ಕ ಆ ಮುಖ ನೋಡಿದ್ಲು. ನೋಡಿದಾಕಿ ಹೋಗಿ ಬೀಗತೀನ ಗಟ್ಟಿ ತಬ್ಬಿಕೊಂಡ್ಲು, "ನನ್ನ ಕೂಸನ್ನ ಚಂದಗೆ ನೋಡ್ಕೊಳ್ರಿ ಅಕ್ಕಾ" ಅನ್ನೋದರಾಗ ಎದಿಯಾಗ ಕಟ್ಟಿದ್ದೆಲ್ಲಾ ಒಡೀತು. ಮಗಳಿಗಾಗಿ ಅತ್ತಳೋ, ಆವತ್ತು ಗಂಡಗ ಅಳಲಾರದ್ದು ಇವತ್ತು ಅತ್ತಳೋ, ಅಂತೂ ಬೀಗತಿ ಹೆಗಲು ತೊಯ್ದು ಹೋತು. ಮಗಳು ಬಂದು ಅವ್ವನ ಗಲ್ಲ ಒರಸಿದ್ಲು, "ಸಾಕು ಬಿಡವ್ವಾ, ಸೀರಿ ಬಣ್ಣ ಬಿಟ್ಟೀತು" ಅಂತ ತಾನೂ ಅತ್ಲು.

ಗಾಡಿ ಹತ್ತೋಕಿಂತ ಮೊದಲ ಬೀಗತಿ ನನ್ನ ಬದಿಗೆ ಕರದ್ರು. ನಾ ಕೈ ಮುಗದು, "ತಪ್ಪಾತ್ರಿ ಅಕ್ಕಾರ. ನೀವರ ಯಾಕ ಸುಮ್ಮನ ನಿಂತ್ರಿ?" ಅಂದೆ.

"ಇಳಕಲ್ಲಾಗ ಬೀಗತಿಗೆ ಹಿಂಗ ಮಾಡೋದು ಪದ್ಧತಿ ಇರಬೇಕು ಅಂದ್ಕೊಂಡು ನಿಂತೆ ತಂಗಿ" ಅಂದ್ರು. "ಭಾಳ ಚಲೋ ಪದ್ಧತಿ. ವರ್ಷಾನುಗಟ್ಟಲೆ ಉರಿಯೋ ನನ್ನ ಕಣ್ಣು ತಣ್ಣಗಾದ್ವು. ಸಣ್ಣ ಮಗಗೂ ನಿಮ್ಮ ಊರಾಗನ ಹೆಣ್ಣು ನೋಡ್ತೇನಿ."