ಆಸಿಡ್‌ಗೂ ಬಿಡದ ಬಣ್ಣ

ಕಣ್ಣಿಗೆ ಕಾಣದ ಕ್ರಿಮಿಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆಯುವವಳು ನಾನು. ಇಂಥವಳ ಬದುಕಿನಲ್ಲಿ ನಗೆಪಾಟಲಿಗೆ ಎಂದೂ ಬರವಿಲ್ಲ. ಕೆಲಸ ರಾಬರ್ಟ್‌ಸನ್‌ಪೇಟೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ, ಮನೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಕೈಗವಸು ಹಾಕಿಕೊಂಡರೂ ಬಣ್ಣ ಹೇಗೋ ಒಳಗೆ ನುಸುಳಿ ಬೆರಳಿಗೆ ಹತ್ತಿರುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು ಅದನ್ನು ನೋಡಿ, ನೇರಳೆ ಹಣ್ಣು ಆಗಲೇ ಬಂತಾ ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ. ನಿಜ ಹೇಳಿದರೆ ಸೀಟು ಬಿಟ್ಟು ಎದ್ದು ಹೋಗುತ್ತಾರೆ.

ಕೆಲಸವೇನೋ ಸರಳ. ಗಾಜಿನ ಪಟ್ಟಿಯ ಮೇಲೆ ಕೀವೋ ಇನ್ನೊಂದೋ ತೆಳ್ಳಗೆ ಸವರಿ ಒಣಗಿಸಬೇಕು. ಅದಕ್ಕೆ ನೇರಳೆ ಬಣ್ಣ ಹಾಕಿ, ಅಯೋಡಿನ್ ಹಾಕಿ, ಸ್ಪಿರಿಟ್‌ನಿಂದ ತೊಳೆಯಬೇಕು. ಕೆಲವು ಬ್ಯಾಕ್ಟೀರಿಯಾ ಹಟಮಾರಿಗಳು, ಎಷ್ಟು ತೊಳೆದರೂ ನೇರಳೆ ಬಿಡುವುದಿಲ್ಲ. ಅವು ಗ್ರಾಂ ಪಾಸಿಟಿವ್. ಇನ್ನು ಕೆಲವು ತೊಳೆದ ಕೂಡಲೇ ಬಣ್ಣ ಬಿಟ್ಟುಕೊಟ್ಟು, ಆಮೇಲೆ ಹಾಕುವ ಗುಲಾಬಿ ಬಣ್ಣಕ್ಕೆ ಒಲಿಯುತ್ತವೆ. ಅವು ಗ್ರಾಂ ನೆಗೆಟಿವ್. ಯಾವ ಜಾತಿ ಅಂತ ಗೊತ್ತಾದರೆ ಯಾವ ಔಷಧಿ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ಇದಿಷ್ಟನ್ನೂ ಒಂದು ದಿನ ನಮ್ಮ ಅತ್ತೆಗೆ ಬಿಡಿಸಿ ಹೇಳಿದ್ದೆ. ಹೇಳಬಾರದಿತ್ತು.

ಕೊಂಬಿನ ಬಣ್ಣ

ಸಂಕ್ರಾಂತಿ ಬಂತೆಂದರೆ ಅತ್ತೆ ಹಸುವಿನ ಮೈತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಾರೆ. ಅಂಗಡಿಯಿಂದ ತಂದ ಬಣ್ಣ ಸಂಜೆ ಕಿಚ್ಚು ಹಾಯಿಸುವ ಹೊತ್ತಿಗೆ ಅರ್ಧ ಉದುರಿ ಹೋಗಿರುತ್ತದೆ. ಪ್ರತಿವರ್ಷ ಅಂಗಡಿಯವನಿಗೆ ಶಾಪ ಹಾಕುವುದೂ ಹಬ್ಬದ ಒಂದು ಭಾಗವೇ ಆಗಿತ್ತು. ಆ ವರ್ಷ ಮಾತ್ರ ಅವರ ಕಣ್ಣು ನನ್ನ ಬೆರಳುಗಳ ಮೇಲೆ ಬಿತ್ತು. ತಿಂಗಳಾನುಗಟ್ಟಲೆ ಪಾತ್ರೆ ತಿಕ್ಕಿದರೂ ಹೋಗದ ಬಣ್ಣ ಇದೊಂದೇ ಅಂತ ಅವರಿಗೆ ಹೊಳೆಯಿತು.

ನನಗೆ ಒಂದು ಮಾತೂ ಹೇಳದೆ ಬಂಗಾರಪೇಟೆಯ ಮೆಡಿಕಲ್ ಸ್ಟೋರಿಗೆ ಹೋಗಿ, ನನ್ನ ಸೊಸೆಯ ಬೆರಳಿಗೆ ಹತ್ತಿರೋ ಬಣ್ಣ ಕೊಡಿ ಅಂತ ಕೇಳಿದ್ದಾರೆ. ಅಂಗಡಿಯವನೂ ಜಾಣ. ಬಾಯಿ ಹುಣ್ಣಿಗೆ ಹಚ್ಚುವ ನೇರಳೆ ಔಷಧಿ ಕೊಟ್ಟಿದ್ದಾನೆ. ನಮ್ಮ ಲ್ಯಾಬಿನ ಬಣ್ಣವೂ ಅದೇ ವಸ್ತು.

ಹಬ್ಬದ ದಿನ ನಮ್ಮ ಹಸುವಿನ ಕೊಂಬು ಇಡೀ ಊರಿಗೇ ಎದ್ದು ಕಾಣುತ್ತಿತ್ತು. ಹಸು ಆ ಕೊಂಬನ್ನು ಕೊಟ್ಟಿಗೆಯ ಕಂಬಕ್ಕೆ, ಗೋಡೆಗೆ, ಮಾವನವರ ಹೊಸ ಬಿಳಿ ಪಂಚೆಗೆ, ಎಲ್ಲಕ್ಕೂ ಉಜ್ಜಿತು. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು, ಬಣ್ಣ ಮಾತ್ರ ಹೋಗಲಿಲ್ಲ. ಹಾಲು ಹಾಕಲು ಹೋದಾಗ ಡೇರಿಯವರು ನೇರಳೆ ಕೊಂಬಿನವರು ಬಂದರು ಅಂತ ನಗಾಡತೊಡಗಿದ ಮೇಲೆ, ಇದು ನಿನ್ನ ಆಸ್ಪತ್ರೆಯ ಬಣ್ಣ, ನೀನೇ ತೆಗಿ ಅಂತ ಅತ್ತೆ ನನ್ನನ್ನು ಕೊಟ್ಟಿಗೆಗೆ ಕಳಿಸಿದರು. ಸ್ಪಿರಿಟ್ ಹಾಕಿ ಕೈಸೋಲುವವರೆಗೆ ಉಜ್ಜಿದೆ. ಹಸು ಆರಾಮಾಗಿ ಮೆಲುಕು ಹಾಕುತ್ತಿತ್ತು.

ಕೊನೆಗೆ ಸಿಟ್ಟು ಬಂದು, ಸ್ಪಿರಿಟ್‌ಗೂ ಬಿಡುತ್ತಿಲ್ಲ ಅತ್ತೆ, ನಮ್ಮ ಲೆಕ್ಕದಲ್ಲಿ ಈ ಹಸು ಗ್ರಾಂ ಪಾಸಿಟಿವ್ ಅಂದೆ.

ಅತ್ತೆಯ ಮುಖ ಚಿಕ್ಕದಾಯಿತು. ಹಸುವಿನ ಬೆನ್ನು ಸವರಿ ಮೆಲ್ಲಗೆ ಹೇಳಿದರು, "ಅಂಗಾರೆ ಯಾವ್ ಔಸ್ದಿ ಕೊಡ್ಬೇಕಂತೆ, ನಿಮ್ ಡಾಕ್ಟ್ರುನ್ನ ಕೇಳ್ಕೊಂಡ್ ಬಾರೇ."

ಸರದಿಯಲ್ಲಿ ನಿಂತಾಗ

ಆ ಬೇಸಿಗೆಯಲ್ಲೇ ಓಟು ಬಂತು. ಊರಿನ ಶಾಲೆಯಲ್ಲಿ ಮತಗಟ್ಟೆ. ನನ್ನ ಸರದಿ ಬಂದಾಗ ಅಧಿಕಾರಿ ಎಡಗೈ ತೋರಿಸಿ ಅಂದರು. ತೋರಿಸಿದೆ. ತೋರುಬೆರಳು ಆಗಲೇ ನೇರಳೆ. ಅವರು ನನ್ನ ಮುಖ ನೋಡಿದರು, ಬೆರಳು ನೋಡಿದರು, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಬಾಗಿಲ ಬಳಿ ಇದ್ದ ಪೊಲೀಸು ಒಂದು ಹೆಜ್ಜೆ ಮುಂದೆ ಬಂದ.

ಲ್ಯಾಬಿನ ಕೆಲಸ ಅಂತ ವಿವರಿಸಿದೆ. ಬಣ್ಣ, ಬ್ಯಾಕ್ಟೀರಿಯಾ, ಸ್ಪಿರಿಟ್ ಎಲ್ಲ ಹೇಳಿದೆ. ನಾನು ಹೇಳಿದಷ್ಟೂ ಅವರ ಅನುಮಾನ ಹೆಚ್ಚಾಯಿತು. ಒಬ್ಬ ಏಜೆಂಟು, ಕಳ್ಳ ಓಟು ಹಾಕುವವರೆಲ್ಲ ಹೀಗೇ ಚೆನ್ನಾಗಿ ಮಾತಾಡುತ್ತಾರೆ ಅಂದ. ಇನ್ನೊಬ್ಬ ಮಿಕ್ಕ ಬೆರಳುಗಳನ್ನು ನೋಡಿ, ಒಂಬತ್ತು ಬೆರಳಿಗೂ ಯಾರು ಓಟು ಹಾಕಿಸಿದರು ಅಂತ ಕೇಳಿದ. ಹಿಂದೆ ಸರದಿ ಬಾಗಿಲಾಚೆ ಬೆಳೆಯುತ್ತಿತ್ತು.

ನನ್ನ ಹಿಂದೆಯೇ ಅತ್ತೆ ನಿಂತಿದ್ದರು. ಅವರು ಮುಂದೆ ಬಂದು ಅಧಿಕಾರಿಗೆ ಕೈಮುಗಿದರು.

"ಸಾಮಿ, ನಮ್ಮನೆ ಅಸೀನ ಕೊಂಬೂ ಇದೇ ಬಣ್ಣ ಐತೆ. ಬೇಕಾರೆ ಬಂದ್ ನೋಡಿ. ಅದೂ ಓಟಾಕ್ ಬುಟ್ಟೈತಾ?"

ಅಸಲಿ ಮಾಲು

ನಾನು ಹೇಳಬೇಕು ಅಂತ ಕೂತದ್ದೇ ಒಬ್ಬ ತಾತನ ವಿಷಯ. ಅತ್ತೆ ಅಡ್ಡ ಬಂದರು.

ತಾತ ಚಾಂಪಿಯನ್ ರೀಫ್ಸ್‌ನವರು. ಅಲ್ಲಿನ ಚಿನ್ನದ ಗಣಿ ಮುಚ್ಚುವ ತನಕ ಭೂಮಿಯೊಳಗೆ ದುಡಿದು, ಈಗಲೂ ಗಣಿ ಕಾರ್ಮಿಕರ ಹಳೇ ಮನೆಯಲ್ಲೇ ಇರುವವರು. ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷಕ್ಕೆ ಒಂದು ಹೆಣ್ಣು ಮಗು ಹುಟ್ಟಿತ್ತು. ಹುಟ್ಟಿದ ವಾರವೇ ತಾತನ ಕೆಮ್ಮು ಜೋರಾಯಿತು. ಕ್ಷಯ ಇರಬಹುದು, ಕಫ ಪರೀಕ್ಷೆ ಮಾಡಿಸಿ, ಅಲ್ಲಿವರೆಗೆ ಮಗುವಿನ ಹತ್ತಿರ ಹೋಗಬೇಡಿ ಅಂದರು ಡಾಕ್ಟರು. ತಾತ ಇನ್ನೂ ಒಂದು ಸಲವೂ ಮಗುವನ್ನು ಎತ್ತಿಕೊಂಡಿರಲಿಲ್ಲ.

ಮೊದಲ ದಿನ ಡಬ್ಬಿಯಲ್ಲಿ ಬರೀ ಉಗುಳು ತಂದರು. ಕಫ ಬೇಕು ತಾತ ಅಂದೆ. ಅವರಿಗೆ ಬೇಜಾರೇನೂ ಆಗಲಿಲ್ಲ. "ಗೊತ್ತಮ್ಮ, ಮೇಲ್ಗಡೆ ಬರೀ ಕಲ್ಲೇ ಸಿಗಾದು. ಆಳಕ್ ಇಳುದ್ರೇನೆ ಮಾಲು. ನಾಳೆ ತತ್ತೀನಿ," ಅಂದು ಹೋದರು. ಮಾರನೇ ದಿನ ಮಾಲು ತಂದರು.

ಕಾಯುತ್ತ ಕೂತವರು, ಒಳಗೆ ಇದಕ್ಕೆ ಏನು ಮಾಡುತ್ತೀರಿ ಅಂತ ಕಿಟಕಿಯಲ್ಲಿ ಬಗ್ಗಿ ಕೇಳಿದರು. ಕ್ಷಯದ ಕ್ರಿಮಿಗೆ ಬೇರೆ ವಿಧಾನ. ಕೆಂಪು ಬಣ್ಣ ಹಾಕಿ, ಬಿಸಿ ಮಾಡಿ, ಮೇಲೆ ಆಸಿಡ್ ಹಾಕುತ್ತೇವೆ. ಮಿಕ್ಕವೆಲ್ಲ ಬಣ್ಣ ಬಿಡುತ್ತವೆ, ಕ್ಷಯದ್ದು ಮಾತ್ರ ಆಸಿಡ್‌ಗೂ ಜಗ್ಗುವುದಿಲ್ಲ. ಆಮೇಲೆ ನೀಲಿ ಹಾಕಿ ನೋಡಿದರೆ ನೀಲಿಯ ನಡುವೆ ಅವು ಕೆಂಪು ಕಡ್ಡಿಗಳಾಗಿ ಕಾಣುತ್ತವೆ. ಇದನ್ನೆಲ್ಲ ಹೇಳಿದಾಗ ತಾತ ಮೊದಲೇ ಗೊತ್ತಿದ್ದವರ ಹಾಗೆ ತಲೆಯಾಡಿಸಿದರು.

ಸ್ಲೈಡು ನೋಡಿದೆ. ಕೆಂಪು ಕಡ್ಡಿಗಳು ಧಾರಾಳವಾಗಿದ್ದವು. ಫಲಿತಾಂಶ ಡಾಕ್ಟರೇ ಹೇಳಬೇಕು, ಆದರೆ ತಾತ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಆಸಿಡ್ ಹಾಕಿದ ಮೇಲೆ ಬಣ್ಣ ನಿಂತಿತಾ ಅಂತ ಕೇಳಿದರು. ಸುಳ್ಳು ಹೇಳಲಾಗದೆ, ನಿಂತಿತು ತಾತ ಅಂದೆ.

ತಾತನ ಮುಖ ಅರಳಿತು. ಬೆಂಚಿನ ಮೇಲಿದ್ದ ಅಜ್ಜಿಗೆ, ಅವರ ಹೆಂಡತಿಗೆ, ಕೂಗಿ ಹೇಳಿದರು, "ಕೇಳುದ್ಯಾ? ಆಸಿಡ್ ಉಯ್ದ್ರೂ ಬಣ್ಣ ಬುಡ್ನಿಲ್ವಂತೆ ನಂದು. ಅಸಲಿ ಮಾಲು ಕಣೇ!"

ಚಿನ್ನದ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒರೆಗಲ್ಲಿಗೆ ಉಜ್ಜಿದ ಗೆರೆ ಆಸಿಡ್‌ಗೆ ಅಳಿಸದಿದ್ದರೆ ಅದು ಚಿನ್ನ, ಅಳಿಸಿದರೆ ಹಿತ್ತಾಳೆ. ತಾತ ತಮ್ಮ ಕಫವನ್ನೂ ಅದೇ ಲೆಕ್ಕಕ್ಕೆ ಹಿಡಿದಿದ್ದರು. ನಾನು ಹೊರಗೆ ಹೋಗಿ ಪಕ್ಕದಲ್ಲಿ ಕೂತು, ಇಲ್ಲಿ ಬಣ್ಣ ನಿಲ್ಲಬಾರದು ತಾತ, ನಿಂತರೆ ಕಾಯಿಲೆ ಅಂತ ತಿಳಿಸಬೇಕಾಯಿತು.

"ಅಂಗಾರೆ ಮಗೀನ ಎತ್ಕೊಳ್ಳಂಗಿಲ್ವಾ?" ಅಂತ ತಾತ ಕೇಳಿದರು.

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. "ವಯಸ್ಸೆಲ್ಲ ಗಣೀಲಿ ಸವೆಸಿದ್ರೂ ಮನೆಗೆ ಒಂದ್ ಗುಲಗಂಜಿ ಚಿನ್ನ ತರ್ನಿಲ್ಲ ಈ ಮನುಸ. ತಂದಿದ್ದು ಇದೊಂದೇ ಅಸಲಿ," ಅಂದು ಅವರ ಕೈಹಿಡಿದು ಮಾತ್ರೆ ಕೊಡಿಸಲು ಕರೆದುಕೊಂಡು ಹೋದರು.

ಕೆಳಗೆ ಇನ್ನೂ ಐತೆ

ಮಗಳು ಮಗುವನ್ನು ಎತ್ತಿಕೊಂಡು ಬಂಗಾರಪೇಟೆಯ ಗಂಡನ ಮನೆಗೆ ಹೋದಳು. ತೊಟ್ಟಿಲ ಶಾಸ್ತ್ರವನ್ನು ತಾತನಿಗಾಗಿ ಮುಂದಕ್ಕೆ ಹಾಕಿದರು. ತಾತ ಆಗಾಗ ಬಸ್ಸು ಹತ್ತಿ ಹೋಗಿ, ಮಾಸ್ಕು ಕಟ್ಟಿಕೊಂಡು ಬೀಗರ ಮನೆಯ ಗೇಟಿನಾಚೆ ನಿಂತು ಮಗುವನ್ನು ನೋಡಿ ಬರುತ್ತಿದ್ದರು. ನಾನೂ ಅದೇ ದಾರಿಯವಳಾದ್ದರಿಂದ ಬಸ್ಸಿನಲ್ಲಿ ಸಿಗುತ್ತಿದ್ದರು. ಕಿಟಕಿ ಪಕ್ಕ ಕೂತು, ಮಗುಚಿಕೊಂಡಳಂತೆ, ಹಲ್ಲು ಬರುತ್ತಾ ಇದೆಯಂತೆ ಅಂತ ವರದಿ ಒಪ್ಪಿಸುತ್ತಿದ್ದರು. ಆರು ತಿಂಗಳ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಜ್ಜಿ ಇರುವಾಗ ತಪ್ಪಿಸುವ ಧೈರ್ಯವೂ ಅವರಿಗಿರಲಿಲ್ಲ.

ಔಷಧಿಯ ನಡುವೆ ಮಾಡಿದ ಪರೀಕ್ಷೆಯಲ್ಲಿ ಇನ್ನೂ ಒಂದೆರಡು ಕೆಂಪು ಕಡ್ಡಿ ಕಂಡವು. ಕೊನೆಯ ಪರೀಕ್ಷೆಯ ದಿನ ನಾವು ಬೀಗ ತೆಗೆಯುವ ಮೊದಲೇ ತಾತ ಬಂದು ಕೂತಿದ್ದರು. ಸ್ಲೈಡಿನ ಈ ತುದಿಯಿಂದ ಆ ತುದಿಗೆ ನೋಡಿದೆ, ಎಲ್ಲೆಲ್ಲೂ ನೀಲಿ. ನಂಬಿಕೆ ಸಾಲದೆ ಲ್ಯಾಬಿನ ಹಿರಿಯ ಮೇಡಂ ಅವರನ್ನೂ ಕರೆದು ತೋರಿಸಿದೆ. ಅವರೂ ನೋಡಿ, ಒಂದೂ ಇಲ್ಲ ಕಣಮ್ಮ ಅಂದರು. ನಾನು ಕಿಟಕಿಗೆ ಓಡಿ, ಏನೂ ಇಲ್ಲ ತಾತ, ಎಲ್ಲಾ ಬಣ್ಣ ಬಿಟ್ಟುಬಿಟ್ಟವು ಅಂತ ಹೇಳಿದೆ.

ತಾತ ಕುಣಿಯುತ್ತಾರೆ ಅಂದುಕೊಂಡಿದ್ದೆ. ಅವರು ಅನುಮಾನದಿಂದ ನನ್ನನ್ನೇ ನೋಡಿದರು.

"ಇನ್ನೊಂದ್ ಸಲ ಸರ್ಯಾಗ್ ನೋಡಮ್ಮ. ಗಣಿ ಮುಚ್ಚೋವಾಗ್ಲೂ ಇಂಗೇ ಅಂದ್ರು, ಏನೂ ಉಳ್ದಿಲ್ಲ ಅಂತ. ಕೆಳಗೆ ಇನ್ನೂ ಐತೆ."

ಉಂಗುರ

ಡಾಕ್ಟರು ಗುಣವಾಯಿತು ಅಂತ ಬರೆದುಕೊಟ್ಟ ಮೇಲೂ ತಾತ ಮಗುವನ್ನು ಎತ್ತಿಕೊಳ್ಳಲಿಲ್ಲ. ಬರಿಗೈಯಲ್ಲಿ ಎತ್ತಿಕೊಳ್ಳುವುದಿಲ್ಲ ಅಂತ ಹಟ. ಜೀವಮಾನವೆಲ್ಲ ಊರವರಿಗೆ ಚಿನ್ನ ಅಗೆದುಕೊಟ್ಟವರು, ಮೊಮ್ಮಗಳ ಬೆರಳಿಗೆ ಒಂದು ಉಂಗುರ ತೊಡಿಸಿಯೇ ಎತ್ತಿಕೊಳ್ಳುವುದಾಗಿ ಮನಸ್ಸಿನಲ್ಲೇ ಹರಕೆ ಹೊತ್ತಿದ್ದರಂತೆ.

ತೊಟ್ಟಿಲ ಶಾಸ್ತ್ರದ ಬೆಳಿಗ್ಗೆ ತಾತ, ಅಜ್ಜಿ, ಮಗಳು, ಮಗು ಎಲ್ಲರೂ ನಮ್ಮ ಲ್ಯಾಬಿನ ಮುಂದೆ ಹಾಜರು. ತಾತ ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿದರು. ಕಡಲೆಕಾಳಿನಷ್ಟು ಉಂಗುರ. ಅಂಗಡಿಯವನ ಮಾತಿನ ಮೇಲೆ ಅವರಿಗೆ ನಂಬಿಕೆಯಿಲ್ಲ, ನಮ್ಮ ಆಸಿಡ್ ಮೇಲೆ ಪೂರ್ತಿ ನಂಬಿಕೆ. "ನನ್ನನ್ನೇ ಪರೀಕ್ಸೆ ಮಾಡ್ದೋರು, ಇದ್ಯಾವ್ ಲೆಕ್ಕ? ಒಂದ್ ತೊಟ್ಟು ಉಯ್ಯಮ್ಮ," ಅಂದರು.

ನಮ್ಮ ಆಸಿಡ್ ಅಕ್ಕಸಾಲಿಗರ ಆಸಿಡ್ ಅಲ್ಲ, ಇದರಿಂದ ಚಿನ್ನದ ಬಂಡವಾಳ ತಿಳಿಯುವುದಿಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಹಿರಿಯ ಮೇಡಂ ಒಳಗಿನಿಂದಲೇ, ಹಾಕಿಬಿಡಮ್ಮ, ಶಾಸ್ತ್ರಕ್ಕೆ ಹೊತ್ತಾಗುತ್ತೆ ಅಂದರು. ಸರಿ, ಅವರ ಸಮಾಧಾನಕ್ಕೆ ಒಂದು ತೊಟ್ಟು ಬಿಟ್ಟು, ಚೆನ್ನಾಗಿ ತೊಳೆದು, ಒರೆಸಿದೆ. ಉಂಗುರ ಮೊದಲಿನ ಹಾಗೇ ಮಿನುಗುತ್ತಿತ್ತು.

ಅಷ್ಟರಲ್ಲಿ ಮಗಳು ತಡೆಯಲಾರದೆ ಮಗುವನ್ನು ತಾತನ ತೋಳಿಗೆ ಇಟ್ಟುಬಿಟ್ಟಿದ್ದಳು. ತಾತ ಉಸಿರಾಡುವುದನ್ನೂ ಮರೆತು ನಿಂತಿದ್ದರು. ಮಗು ಅವರ ಮೀಸೆಗೆ ಕೈಹಾಕಿತು. ಅವರ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ ನೀರು. ಆ ಸಂತೋಷದಲ್ಲಿ ಉಂಗುರವನ್ನು ಅವರ ಬೆರಳುಗಳ ನಡುವೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಆಸಿಡ್‌ಗೂ ಬಣ್ಣ ಬಿಡಲಿಲ್ಲ ತಾತ.

ತಾತ ನಕ್ಕರು. ಅಜ್ಜಿ ನಗಲಿಲ್ಲ. ಇಷ್ಟು ತಿಂಗಳು ಆ ಒಂದು ಮಾತಿಗೇ ಹೆದರಿ ದೇವರಿಗೆಲ್ಲ ಕೈಮುಗಿದಿದ್ದವರು ಅವರು. ಸರಕ್ಕನೆ ಮುಂದೆ ಬಂದು ತಾತನ ಕೈಯಿಂದ ಉಂಗುರ ಕಿತ್ತುಕೊಂಡು, ಸೆರಗಿನ ತುದಿಯಲ್ಲಿ ಸುತ್ತಿ, ಮಗುವಿನಿಂದ ಮಾರು ದೂರ ಹಿಡಿದರು.

"ನೀನ್ ಮಗೀನ ಎತ್ಕೊ, ಬ್ಯಾಡ ಅನ್ನಾಕಿಲ್ಲ. ಈ ಉಂಗ್ರ ಮಾತ್ರ ಅತ್ರ ತರ್ಬ್ಯಾಡ," ಅಂದು ನನ್ನ ಕಡೆ ತಿರುಗಿದರು. "ಇದ್ಕೂ ಆರ್ ತಿಂಗ್ಳು ಮಾತ್ರೆ ಕೊಡಮ್ಮ."